ಹನ್ನೊಂದನೇ ಫಾರಮ್ಮಿನ ಕೊನೆಯ ಸಾಲು

ಪ್ರೆಸ್ಸಿಗೆ ಸೇರಿದ ಮೊದಲ ವಾರ ನಾನು ಮಾಡಿದ ಘನಕಾರ್ಯವನ್ನು ಅಲ್ಲಿ ಇವತ್ತಿಗೂ ಯಾರೂ ಮರೆತಿಲ್ಲ. ಕೆಲಸಕ್ಕೆ ಬಂದ ದಿನ ಯಜಮಾನರು ಎಲ್ಲರ ಪರಿಚಯ ಮಾಡಿಸುತ್ತಾ, "ಹಿಂದಿನ ಕೋಣೇಲಿರೋದು ಹೊಲಿಗೆಯಕ್ಕ. ಇಪ್ಪತ್ತೈದು ವರ್ಷ ಆಯ್ತು, ಅವರು ಹೊಲಿದದ್ದು ಒಂದೂ ವಾಪಸ್ ಬಂದಿಲ್ಲ" ಎಂದಿದ್ದರು. ಡಿಗ್ರಿ ಮುಗಿಸಿದ್ದ ಜಾಣ ನಾನು. ಮರುದಿನವೇ ಹಿಂಭಾಗದಲ್ಲಿ ಹರಿದಿದ್ದ ಪ್ಯಾಂಟೊಂದನ್ನು ಪೇಪರಿನಲ್ಲಿ ಸುತ್ತಿ ಒಯ್ದು, "ಅಕ್ಕ, ಸಂಜೆಯೊಳಗೆ ಆಗುತ್ತಾ?" ಎಂದು ಮುಂದಿಟ್ಟೆ.

ಆಕೆ ಪ್ಯಾಂಟನ್ನು ನೋಡಿದಳು, ನನ್ನನ್ನು ನೋಡಿದಳು, ಸುತ್ತ ಎದೆಮಟ್ಟಕ್ಕೆ ಪೇರಿಸಿಟ್ಟಿದ್ದ ಅಚ್ಚಾದ ಹಾಳೆಗಳ ಕಡೆ ನೋಡಿದಳು. ಅವಳು ಹೊಲಿಯುತ್ತಿದ್ದುದು ಪುಸ್ತಕಗಳನ್ನು. ಆದರೂ ಇಲ್ಲವೆನ್ನಲಿಲ್ಲ. ದಬ್ಬಣದಿಂದ ತೂತು ಹಾಕಿ, ಮೇಣ ಸವರಿದ ದಾರದಲ್ಲಿ, ಪುಸ್ತಕದ ಬೆನ್ನಿಗೆ ಹಾಕುವ ಹೊಲಿಗೆಯನ್ನೇ ನನ್ನ ಪ್ಯಾಂಟಿನ ಬೆನ್ನಿಗೂ ಹಾಕಿಕೊಟ್ಟಳು. "ತಗೋ ಕಂಪ್ಯೂಟರಪ್ಪ. ಇನ್ನು ನೀನು ಹರೀಬಹುದು, ಇದು ಹರಿಯಲ್ಲ." ಅಂದಿನಿಂದ ಅಲ್ಲಿ ನನಗೆ ಅದೇ ಹೆಸರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವುದು ನನ್ನ ಕೆಲಸ. ನನ್ನ ಪೆದ್ದುತನ ಪ್ಯಾಂಟಿನಲ್ಲೇ ಮುಗಿದಿದ್ದರೆ ಈ ಕಥೆ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಹೊಲಿಗೆಯಕ್ಕ ಆ ಕೋಣೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಅಲ್ಲೇ ಅಚ್ಚಿನ ಮೆಷಿನ್ನು ನಡೆಸುತ್ತಿದ್ದ ಗಂಡ ಎದೆನೋವೆಂದು ಕೂತವನು ಏಳಲೇ ಇಲ್ಲ. ಎರಡು ವರ್ಷದ ಮಗಳನ್ನು ಹಾಳೆಗಳ ಕಟ್ಟಿನ ಮೇಲೆ ಮಲಗಿಸಿ ಅವಳು ಕೆಲಸ ಕಲಿತಳು. ಮೂಳೆಯ ಪಟ್ಟಿಯಿಂದ ಹಾಳೆ ಮಡಚುವುದು, ಅಂಟು ಕಾಯಿಸುವುದು, ರಟ್ಟು ಕತ್ತರಿಸುವುದು. ಎಡಗೈ ತೋರುಬೆರಳ ತುದಿ ಸೂಜಿ ತಿಂದು ತಿಂದು ಕೊರಡಾಗಿತ್ತು. ಬಿಸಿ ಟೀ ಲೋಟವನ್ನು ಆ ಬೆರಳಿಂದಲೇ ಹಿಡಿದು, "ದೇವರು ನನಗೊಂದು ಇಕ್ಕಳ ಕೊಟ್ಟಿದ್ದಾನೆ" ಎನ್ನುತ್ತಿದ್ದಳು.

ಅವಳ ಓದು ಇನ್ನೂ ವಿಚಿತ್ರ. ದೊಡ್ಡ ಹಾಳೆಯೊಂದನ್ನು ಮಡಚಿದರೆ ಹದಿನಾರು ಪುಟ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಒಂದರ ಮೇಲೊಂದು ಫಾರಂ ಇಟ್ಟು ಹೊಲಿದರೆ ಪುಸ್ತಕ. ಕ್ರಮ ತಪ್ಪದಿರಲೆಂದು ಅಡಿಯಲ್ಲಿ ನಂಬರು ಹಾಕಿರುತ್ತಾರೆ. ನಮ್ಮ ಹಳೆಯ ಮೆಷಿನ್ನಿನಲ್ಲಿ ಆ ನಂಬರು ಮೂಡಿದರೆ ಪುಣ್ಯ. ಹಾಗಾಗಿ ಅಕ್ಕ ಒಂದು ಫಾರಮ್ಮಿನ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲನ್ನೂ ಓದಿ, ಕೂಡುತ್ತದೋ ಇಲ್ಲವೋ ನೋಡಿ ಜೋಡಿಸುತ್ತಿದ್ದಳು. ಮಧ್ಯದ್ದು ಅವಳಿಗೆ ಬೇಕಿರಲಿಲ್ಲ. ಎಂಥ ಕಾದಂಬರಿಯಾದರೂ ಅವಳಿಗೆ ಗೊತ್ತಿದ್ದುದು ಹದಿನಾರು ಪುಟಕ್ಕೆ ಎರಡು ಸಾಲು. "ಯಾರು ಸತ್ತರು, ಯಾರು ಓಡಿಹೋದರು ನನಗೇನು ಗೊತ್ತು? ಆದರೆ ಎಲ್ಲಿ ಮುರೀತು ಅಂತ ಹೇಳಬಲ್ಲೆ."

ಅವಳು ಅತಿ ಹೆಚ್ಚು ಸಲ ಹೊಲಿದದ್ದು ಧರ್ಮಗ್ರಂಥವನ್ನು. ಅವಳೂ ಆ ಮತದವಳೇ. ವಾರಕ್ಕೊಮ್ಮೆ ರಜೆಯ ದಿನ ಬೆಳಿಗ್ಗೆ ಉಪದೇಶಕರು ಗ್ರಂಥ ಓದಿ ಹೇಳುವ ಸಭಾಂಗಣಕ್ಕೆ ತಪ್ಪದೆ ಹೋಗುತ್ತಿದ್ದಳು. ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದ ದೊಡ್ಡ ಪ್ರತಿಯಲ್ಲಿ ಮೂಲವಾಕ್ಯ ದಪ್ಪಕ್ಷರದಲ್ಲಿ ಇರುತ್ತಿತ್ತು, ಕೆಳಗೊಂದು ಗೆರೆ, ಅದರ ಕೆಳಗೆ ಯಾರೋ ಹಿರಿಯರು ಬರೆದ ತಾತ್ಪರ್ಯ ಸಣ್ಣಕ್ಷರದಲ್ಲಿ. ನಾಲ್ಕು ವರ್ಷದ ಹಿಂದೆ ಅದಕ್ಕೊಂದು ಜೇಬಿನ ಆವೃತ್ತಿ ಬಂತು. ಅದನ್ನು ಹೊಲಿಯುವುದಿಲ್ಲ, ಬೇರೆ ಕಡೆ ಕಳಿಸಿ ಅಂಟು ಹಾಕಿಸುತ್ತಾರೆ. ಅಕ್ಕ ಅದನ್ನು ಕೈಯಲ್ಲೂ ಹಿಡಿದವಳಲ್ಲ. "ಹೊಲಿಗೆ ಇಲ್ಲದ್ದು ಪುಸ್ತಕ ಅಲ್ಲ ಕಣೋ, ಕ್ಯಾಲೆಂಡರು."

ಮಗಳಿಗೆ ಮದುವೆಯಾಗಿ ಮೂರು ವರ್ಷಕ್ಕೆ ಹೊಟ್ಟೆಯಲ್ಲಿ ಕೂಸು ನಿಂತಿತು. ಎಂಟು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಅದು ಒದೆಯುವುದನ್ನು ನಿಲ್ಲಿಸಿತು. ಹೊಕ್ಕುಳಬಳ್ಳಿ ಗಂಟು ಬಿದ್ದಿತ್ತಂತೆ. ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿ, "ಇದು ಯಾರ ಕೈಯಲ್ಲೂ ಇರೋದಲ್ಲ" ಎಂದು ಮೂರು ಸಲ ಹೇಳಿದ್ದರು. ಮಗಳು ತಾಯಿಯ ಮನೆಗೆ ಬಂದಳು. ಎದೆಹಾಲು ಬತ್ತಲು ಇನ್ನೂ ಒಂದು ವಾರ ಹಿಡಿಯಿತು. ಮನೆಯಲ್ಲಿ ನಡೆದದ್ದನ್ನೆಲ್ಲ ಅಕ್ಕ ಆಮೇಲೆ ನನಗೆ ಹೇಳಿದಳು, ಆ ವಾರವೊಂದನ್ನು ಬಿಟ್ಟು.

ಒಂದೂವರೆ ತಿಂಗಳಾದ ಮೇಲೆ ಬೀಗಿತಿ, ಅಂದರೆ ಮಗಳ ಅತ್ತೆ, ಬಂದು ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತಳು. ಜೊತೆಗೆ ಅಳಿಯ. ಅಳಿಯ ಒಳ್ಳೆಯವನೇ; ಆ ಒಳ್ಳೆಯತನ ಇನ್ನೂ ಅವನ ಬಾಯಿಯವರೆಗೆ ಬಂದಿರಲಿಲ್ಲ, ಅಷ್ಟೇ.

"ಉಪದೇಶಕರ ಹತ್ತಿರ ಮಾತಾಡಿದ್ದೀನಿ ಬೀಗಿತಿಯವರೇ" ಎಂದಳು ಆಕೆ. "ಮುಂದಿನ ಸಭೆಯಲ್ಲಿ ಇವಳು ಎದ್ದು ನಿಂತು ತನ್ನ ದೋಷ ಹೇಳ್ಕೊಂಡರೆ ಎಲ್ಲ ಸರಿಹೋಗುತ್ತೆ. ಆಮೇಲೆ ಅವತ್ತೇ ಮನೆಗೆ ಕರ್ಕೊಂಡು ಹೋಗ್ತೀವಿ."

"ಏನು ದೋಷ?"

"ಅದು ಅವಳಿಗೇ ಗೊತ್ತಿರಬೇಕಲ್ಲ. ಸುಮ್ಮಸುಮ್ಮನೆ ಹೀಗಾಗುತ್ತಾ?"

"ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರಲ್ಲ, ನೀವೂ ಅಲ್ಲೇ ಇದ್ದಿರಿ."

"ಉಪದೇಶಕರನ್ನೂ ಕೇಳಿದೆ. ಡಾಕ್ಟರು ಹೇಗಾಯ್ತು ಅಂತ ಹೇಳ್ತಾರೆ, ಯಾಕಾಯ್ತು ಅಂತ ಗ್ರಂಥ ಹೇಳುತ್ತೆ, ಅಂದರು." ಅಳಿಯ ಸೀಲಿಂಗ್ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದ. ಮೂರೇ ಇದ್ದವು, ಆದರೂ ಎಣಿಕೆ ಮುಗಿಯಲಿಲ್ಲ.

ಅಕ್ಕನ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಯಾಕೆಂದರೆ ಒಳಕೋಣೆಯಿಂದ ಮಗಳು ಬಂದು, "ಆಗಲಿ ಅತ್ತೆ, ಏನೇನು ಅಂತ ಬರ್ಕೊಳ್ತೀನಿ" ಎಂದುಬಿಟ್ಟಿದ್ದಳು. ಆ ಧ್ವನಿಯಲ್ಲಿ ಬೇಸರವಿರಲಿಲ್ಲ, ಒಂದು ಥರದ ಸಮಾಧಾನವಿತ್ತು. ಅಕ್ಕನಿಗೆ ಹೆದರಿಕೆ ಹುಟ್ಟಿದ್ದು ಆಗಲೇ. ಅತ್ತೆಮನೆಯವರು ಬಿಟ್ಟರೆ ಬಿಡಲಿ, ಇಬ್ಬರ ಹೊಟ್ಟೆಗೆ ತನ್ನ ಸೂಜಿ ಸಾಕು. ಆದರೆ ಈ ಹುಡುಗಿ ತನ್ನ ಕೂಸನ್ನು ತಾನೇ ಕೊಂದೆನೆಂದು ನಂಬಿಬಿಟ್ಟಿದ್ದಳು. ಸಭೆಯಲ್ಲಿ ಒಮ್ಮೆ ಎದ್ದು ಅದನ್ನು ಬಾಯಿಬಿಟ್ಟು ಹೇಳಿದರೆ ಸಾಯುವವರೆಗೂ ಅದು ಅವಳ ಹಣೆಯಿಂದ ಅಳಿಸುವುದಿಲ್ಲ.

ಮಗಳು ನೋಟುಪುಸ್ತಕವೊಂದರಲ್ಲಿ ಪಟ್ಟಿ ಮಾಡತೊಡಗಿದಳು. ಅವಳು ಸ್ನಾನಕ್ಕೆ ಹೋಗಿದ್ದಾಗ ಅಕ್ಕ ತೆಗೆದು ಓದಿದಳು. ಹದಿನಾರು ಪುಟಕ್ಕೆ ಎರಡು ಸಾಲಿನ ಲೆಕ್ಕ ಬಿಟ್ಟು, ಜೀವನದಲ್ಲಿ ಮೊದಲ ಸಲ ಪ್ರತಿ ಅಕ್ಷರವನ್ನೂ ಓದಿದಳು.

ಸ್ಟೂಲು ಹತ್ತಿ ಬಲ್ಬು ಹಾಕಿದ್ದು. ಗಂಡನ ಮೇಲೆ ಮುನಿಸಿಕೊಂಡು ಒಂದು ಹೊತ್ತು ಊಟ ಬಿಟ್ಟಿದ್ದು. ಅತ್ತೆ ಬೈದಾಗ ಮನಸ್ಸಿನಲ್ಲೇ ತಿರುಗಿ ಬೈದದ್ದು. ಏಳನೇ ತಿಂಗಳಲ್ಲಿ ಬಸ್ಸಿನಲ್ಲಿ ಜೋರಾಗಿ ನಕ್ಕಿದ್ದು. ಹೆಣ್ಣಾಗಲಿ ಎಂದು ಯಾರಿಗೂ ಹೇಳದೆ ಬೇಡಿಕೊಂಡದ್ದು.

ಹೀಗೆ ಹದಿನಾಲ್ಕು. ಮಗಳು ಅದನ್ನು ಒಯ್ದು ತೋರಿಸಿಯೂ ಬಂದಿದ್ದಳು; ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, ಶಾಲೆಯ ಮೇಷ್ಟ್ರು ಬರೆದ ಹಾಗೆ, ಉಪದೇಶಕರ ದುಂಡಗಿನ ಅಕ್ಷರ: ‘ಇನ್ನೂ ಆಳವಾಗಿ ಹುಡುಕಿ.’

ಅಕ್ಕ ನೋಟುಪುಸ್ತಕವನ್ನು ಇದ್ದಲ್ಲೇ ಇಟ್ಟು ಅಡುಗೆಮನೆಗೆ ಹೋಗಿ ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನೂ ಸೇರಿಸಿ ಎಲ್ಲವನ್ನೂ ಇನ್ನೊಮ್ಮೆ ತಿಕ್ಕಿದಳು. ಬೇರೆಯವರ ಮೈಮೇಲೆ ಕೈ ಮಾಡುವ ಆಸೆ ಬಂದಾಗ ಅವಳು ಮಾಡುತ್ತಿದ್ದುದು ಅದನ್ನೇ.

ಎರಡು ದಿನ ಬಿಟ್ಟು ಸಂಜೆ ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಮಗಳು ಜೇಬಿನ ಗ್ರಂಥ ಹಿಡಿದು, ಸಭೆಯಲ್ಲಿ ಮೊದಲು ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದಳು. "ಗರ್ಭದ ಕೂಸನ್ನು ಕಳೆದುಕೊಂಡವಳ ಮನೆಗೆ ಊರೆಲ್ಲ ಹೋಗಲಿ. ಅವಳ ಒಲೆಯನ್ನು ಬೇರೆಯವರು..."

"ಹೊತ್ತಿಸಲಿ" ಎಂದು ಅಕ್ಕನ ಬಾಯಿ ತಾನಾಗಿ ಮುಗಿಸಿತು. ಕೈ ಕೂಡ ತಾನಾಗಿ, ಫಾರಂ ಮಗುಚುವ ಹಾಗೆ, ಒಂದು ಸೌತೆಕಾಯಿಯನ್ನು ಮಗುಚಿತು.

"ಆಕೆಯು ತನ್ನಲ್ಲಿರುವ ದೋಷವನ್ನು ಹುಡುಕಿ ಸಭೆಯ ಮುಂದೆ ನುಡಿಯತಕ್ಕದ್ದು" ಎಂದು ಮಗಳು ಮುಂದುವರಿಸಿದಳು.

"ಏ, ನಿಲ್ಲು. ಹೊತ್ತಿಸಲಿ ಅನ್ನೋದಕ್ಕೆ ಮುಗೀತಲ್ಲ."

"ಇಲ್ಲಮ್ಮ, ಇನ್ನೂ ಇದೆ. ನೋಡು."

"ಏನು ನೋಡೋದು? ಹನ್ನೊಂದನೇ ಫಾರಂ ಮುಗಿಯೋದೇ ಅಲ್ಲಿ. ಮೂವತ್ತು ವರ್ಷ ಹೊಲಿದಿದ್ದೀನಿ. ಅದಾದ ಮೇಲೆ ಬರೋದು ಸಣ್ಣಕ್ಷರ."

ಮಗಳು ಪುಸ್ತಕ ತಿರುಗಿಸಿ ತೋರಿಸಿದಳು. ಸಣ್ಣಕ್ಷರವೂ ಇರಲಿಲ್ಲ, ದೊಡ್ಡಕ್ಷರವೂ ಇರಲಿಲ್ಲ. ಎಲ್ಲ ಒಂದೇ ಅಕ್ಷರ, ಒಂದೇ ಉಸಿರು. ಗೆರೆ ಇಲ್ಲ, ‘ತಾತ್ಪರ್ಯ’ ಎಂಬ ಪದವಿಲ್ಲ. ದೇವರ ಮಾತು ಎಲ್ಲಿ ನಿಂತಿತು, ಯಾರೋ ಹಿರಿಯರ ಮಾತು ಎಲ್ಲಿ ಶುರುವಾಯಿತು ಎಂದು ಆ ದೇವರೇ ಬಂದರೂ ಹೇಳುವಂತಿರಲಿಲ್ಲ.

ಮರುದಿನ ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಅಕ್ಕ ನನ್ನ ಕೀಬೋರ್ಡಿನ ಮೇಲೆ ಆ ಪುಟ್ಟ ಗ್ರಂಥವನ್ನು ತೆರೆದಿಟ್ಟಳು.

"ಇದರ ಪುಟ ಕಟ್ಟಿದ್ದು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಗಾದೆ ಗೊತ್ತಲ್ಲ. ನಾನು ಹೆಗಲನ್ನೇನೂ ಮುಟ್ಟಲಿಲ್ಲ, ಡಬ್ಬಿಯ ಮುಚ್ಚಳ ಹಾಕಿದೆ. ಕಟ್ಟಿದ್ದು ನಾನೇ. ಪುಸ್ತಕ ಅಂಗಿಯ ಜೇಬಿನಲ್ಲಿ ಕೂರಬೇಕು, ಉಪದೇಶಕರಿಗೆ ಅವಸರ. ಆ ಅಳತೆಯಲ್ಲಿ ಸಣ್ಣಕ್ಷರ ಇರುವೆಯ ಸಾಲಿನಂತೆ ಕಾಣುತ್ತಿತ್ತು. ಹಾಗಾಗಿ ಎಲ್ಲವನ್ನೂ ಒಂದೇ ಗಾತ್ರ ಮಾಡಿದೆ. ಗೆರೆಗಳನ್ನೂ ‘ತಾತ್ಪರ್ಯ’ ಎಂಬ ತಲೆಬರಹಗಳನ್ನೂ ಕಿತ್ತುಹಾಕಿದಾಗ ಎರಡು ಫಾರಂ ಉಳಿಯಿತು. ಯಜಮಾನರು ಬೆನ್ನು ತಟ್ಟಿದ್ದರು. ಆ ತಿಂಗಳು ನಾನು ಕನ್ನಡಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನೋಡಿಕೊಂಡಿದ್ದೆ.

"ಉಪದೇಶಕರು ಪ್ರೂಫ್ ನೋಡಿ ಸಹಿ ಹಾಕಿದ್ರಕ್ಕ" ಎಂದೆ.

"ಹಾಕದೇ ಏನು? ಅವರ ಕೆಲಸ ಹಗುರ ಆಯ್ತಲ್ಲ. ಮನುಷ್ಯ ಹೇಳಿದ್ದು ಅಂದರೆ ಜನ ವಾದ ಮಾಡ್ತಾರೆ. ದೇವರು ಹೇಳಿದ್ದು ಅಂದರೆ ಯಾರು ಬಾಯಿ ತೆಗೀತಾರೆ?" ಅಕ್ಕನ ಧ್ವನಿ ಏರಿರಲಿಲ್ಲ, ಅದೇ ಹೆಚ್ಚು ಉರಿಯುತ್ತಿತ್ತು. "ಎರಡು ಫಾರಂ ಕಾಗದ ಉಳಿಸಿದ್ಯಾ ಕಂಪ್ಯೂಟರಪ್ಪ? ನನ್ನ ಮಗಳು ನೋಟುಪುಸ್ತಕ ತುಂಬಿಸ್ತಾ ಕೂತಿದ್ದಾಳೆ."

ತಪ್ಪಾಯ್ತಕ್ಕ ಎನ್ನಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು. "ನಿನ್ನ ತಪ್ಪೊಪ್ಪಿಗೆ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕಲಾ? ಹಿಂದಿನ ಕೋಣೆಗೆ ಬಾ. ಮೇಲಿನ ಕಪಾಟು ನನಗೆ ಎಟುಕಲ್ಲ."

ಆ ಕಪಾಟಿನಲ್ಲಿ ರಿಪೇರಿಗೆ ಬಂದ ಪುಸ್ತಕಗಳಿದ್ದವು. ಅವುಗಳಲ್ಲೊಂದು ಸಭಾಂಗಣದಿಂದಲೇ ಬಂದಿದ್ದ ಹಳೆಯ ಗ್ರಂಥ. ಬೆನ್ನು ಸೀಳಿ, ಅಂಚು ಇಲಿ ತಿಂದು, ಹೊಸ ರಟ್ಟಿಗಾಗಿ ಎರಡು ತಿಂಗಳಿಂದ ಕಾಯುತ್ತಿತ್ತು. ಮೊದಲ ಪುಟದಲ್ಲಿ ಸಭೆಯ ಮುದ್ರೆ, ಮೂರನೇ ಪುಟದಲ್ಲಿ ಹಿಂದಿನ ಉಪದೇಶಕರ ಸಹಿ. ಅದು ತಾತ್ಪರ್ಯ ಸೇರಿಸುವುದಕ್ಕೂ ಮುಂಚಿನ ಪ್ರತಿ. ಅಕ್ಕ ಎಲೆ ಬಿಡಿಸುವ ಹಾಗೆ ಹಾಳೆಗಳನ್ನು ಬಿಡಿಸಿದಳು. ವಾಕ್ಯ ‘ಹೊತ್ತಿಸಲಿ’ ಎಂಬಲ್ಲಿಗೆ ಮುಗಿದಿತ್ತು. ಕೆಳಗೆ ಒಂದು ಸಣ್ಣ ಹೂವಿನ ಚಿತ್ರ. ಆಮೇಲೆ ಬೇರೆ ಅಧ್ಯಾಯ.

ಆ ದಿನ ಅಕ್ಕ ಬೇರೇನೂ ಕೆಲಸ ಮುಟ್ಟಲಿಲ್ಲ. ಆ ಗ್ರಂಥದ ಬೆನ್ನನ್ನು ಬಿಚ್ಚಿ, ಹೊಸ ದಾರದಲ್ಲಿ, ಪ್ರತಿ ಫಾರಮ್ಮಿಗೂ ಎರಡೆರಡು ಗಂಟು ಹಾಕಿ ಹೊಲಿದಳು.

ಸಭೆಯ ದಿನ ನಾನೂ ಹೋದೆ. ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡೆ, ಓಡಿಹೋಗಲು ಅನುಕೂಲ. ಉದ್ದನೆಯ ಸಭಾಂಗಣ, ಸುಣ್ಣ ಬಳಿದ ಗೋಡೆ, ಸಾಲಾಗಿ ಬೆಂಚು, ಎದುರಿಗೆ ಮೈಕು. ಉಪದೇಶಕರು ಐವತ್ತರ ಆಸುಪಾಸಿನವರು, ಮಾತು ಮೆದು, ಯಾರ ಮೇಲೂ ರೇಗಿದವರಲ್ಲ. ಮೆತ್ತಗಿನ ಕೈಯಿಂದ ಕತ್ತು ಹಿಸುಕಿದರೆ ಕಲೆ ಉಳಿಯುವುದಿಲ್ಲವಷ್ಟೇ.

"ನಮ್ಮ ಸಹೋದರಿಯೊಬ್ಬಳು ಇವತ್ತು ತನ್ನ ಭಾರ ಇಳಿಸಿಕೊಳ್ತಾಳೆ" ಎಂದರು. "ಏಳಮ್ಮ. ಹೆದರಬೇಡ. ನಾವೆಲ್ಲ ನಿನ್ನವರೇ."

ಮಗಳು ಎದ್ದಳು. ಸೆರಗಿನ ಅಡಿ ನೋಟುಪುಸ್ತಕ. ಬೀಗಿತಿ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು, ಅಳಿಯ ಅವಳ ಪಕ್ಕ. ಮಗಳು "ಗರ್ಭದ ಕೂಸನ್ನು..." ಎಂದು ಶುರುಮಾಡುವಷ್ಟರಲ್ಲಿ ಮೂರನೇ ಸಾಲಿನಿಂದ ಹೊಲಿಗೆಯಕ್ಕ ಎದ್ದು, ಎದೆಗವಚಿದ ಗ್ರಂಥದೊಂದಿಗೆ ಮೈಕಿನ ಹತ್ತಿರ ಹೋಗಿಯೇಬಿಟ್ಟಳು.

"ಒಂದು ನಿಮಿಷ. ವಾಕ್ಯ ನಾನು ಓದ್ತೀನಿ, ಇವಳ ಧ್ವನಿ ಬಿದ್ದುಹೋಗಿದೆ. ಇದು ನಿಮ್ಮದೇ ಗ್ರಂಥ, ಮುದ್ರೆ ನೋಡ್ಕೊಳ್ಳಿ. ರಿಪೇರಿ ಆಯ್ತು, ತಂದಿದ್ದೀನಿ." ಉಪದೇಶಕರು ಮುದ್ರೆ ನೋಡಿದರು, ನೋಡಿದ ಮೇಲೆ ಬೇಡವೆನ್ನಲು ಬರಲಿಲ್ಲ. ಅಕ್ಕ ಓದಿದಳು: "ಗರ್ಭದ ಕೂಸನ್ನು ಕಳೆದುಕೊಂಡವಳ ಮನೆಗೆ ಊರೆಲ್ಲ ಹೋಗಲಿ. ಅವಳ ಒಲೆಯನ್ನು ಬೇರೆಯವರು ಹೊತ್ತಿಸಲಿ." ಪುಸ್ತಕವನ್ನು ಸಭೆಯ ಕಡೆ ತಿರುಗಿಸಿ ಹಿಡಿದಳು. "ಮುಗೀತು. ಇದರ ಕೆಳಗೆ ಹೂವಿದೆ. ಬೇಕಾದವರು ಬಂದು ನೋಡಿ."

"ತಾಯಿ, ತಾತ್ಪರ್ಯ ಬರೆದವರೂ ಮಹಾನುಭಾವರೇ..." ಎಂದು ಉಪದೇಶಕರು ಮೆದುವಾಗಿ ಆರಂಭಿಸಿದರು.

"ಇರಬಹುದು ಸ್ವಾಮಿ. ಅವರಿಗೆ ತಮ್ಮ ಜಾಗ ಗೊತ್ತಿತ್ತು. ಗೆರೆ ಎಳೆದು, ಕೆಳಗೆ ಸಣ್ಣದಾಗಿ ಬರೆದರು. ಅವರನ್ನ ಎತ್ತಿ ದೇವರ ಬಾಯೊಳಗೆ ಕೂರಿಸಿದ್ದು ನೀವು." (ನಾನು ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿದೆ. ನನ್ನ ಹೆಸರು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.)

ಅಕ್ಕ ಸಭೆಯ ಕಡೆ ತಿರುಗಿದಳು. "ಈಗ ದೇವರು ಹೇಳಿದ್ದಕ್ಕೆ ಬರೋಣ. ಊರೆಲ್ಲ ಹೋಗಲಿ ಅಂತ ಇದೆ. ಐವತ್ತು ದಿನ ಆಯ್ತು. ಯಾರು ಬಂದ್ರಿ? ನಮ್ಮ ಮನೆ ಒಲೆ ಯಾರು ಹೊತ್ತಿಸಿದ್ರಿ? ಎದೆಹಾಲು ಕಟ್ಟಿ ಇವಳು ಗೋಡೆಗೆ ತಲೆ ಜಜ್ಜಿಕೊಳ್ತಿದ್ದಾಗ ಯಾರು ಬಾಗಿಲು ತಟ್ಟಿದ್ರಿ? ಬೀಗಿತಿಯವರು ಒಂದು ಸಲ ಬಂದಿದ್ರು, ಕುರ್ಚಿ ಬಿಟ್ಟು ಒಳಗೆ ಬರಲಿಲ್ಲ. ದೇವರ ಮಾತು ಮುರಿದವರು ಯಾರು, ನೀವೋ ಇವಳೋ? ದೋಷದ ಪಟ್ಟಿ ಬೇಕಾದರೆ ನೋಟುಪುಸ್ತಕ ಇಲ್ಲಿದೆ. ಬಲ್ಬು ಹಾಕಿದ್ದು, ಬಸ್ಸಲ್ಲಿ ನಕ್ಕಿದ್ದು, ಎಲ್ಲ ಬರೆದಿದ್ದಾಳೆ. ಇನ್ನೂ ಆಳವಾಗಿ ಹುಡುಕು ಅಂತ ಕೆಂಪು ಶಾಯಿ ಬೇರೆ. ಇನ್ನು ಎಷ್ಟು ಆಳ? ಕೂಸಿಗೆ ತೋಡಿದ ಗುಂಡಿಗಿಂತಲೂ ಆಳವಾ?"

ಬೆಂಚುಗಳ ಮೇಲಿನ ಹೆಂಗಸರು ತಮ್ಮ ತಮ್ಮ ಮಡಿಲು ನೋಡಿಕೊಳ್ಳುತ್ತಿದ್ದರು. ಅಳಿಯ ಎದ್ದು ನಿಂತ. ನಡೆದು ಹೋಗಿ ಹೆಂಡತಿಯ ಪಕ್ಕದಲ್ಲಿ ನಿಂತುಕೊಂಡ. ಅವನಿಂದ ಅಷ್ಟೇ ಸಾಧ್ಯವಿತ್ತು, ಅಷ್ಟನ್ನು ಮಾಡಿದ. ಮಗಳು ತಾಯಿಯ ಕೈಯಲ್ಲಿದ್ದ ಪುಟವನ್ನು ತಾನೇ ಬಗ್ಗಿ ಓದಿದಳು, ಬೆರಳಿಟ್ಟು, ಒಂದೊಂದೇ ಪದ. ಹೂವಿನ ಚಿತ್ರದ ತನಕ ಓದಿ ನೋಟುಪುಸ್ತಕವನ್ನು ಮುಚ್ಚಿದಳು. "ನಾನೇನೂ ಮಾಡಲಿಲ್ಲ" ಎಂದಳು. ಮೈಕು ಅದನ್ನು ಹಿಡಿಯಿತು. ಬಲ ತುಂಬದ ಧ್ವನಿ, ಸಭಾಂಗಣದ ಕೊನೆಯ ಗೋಡೆಯ ತನಕ ಹೋಯಿತು. "ನಾನೇನೂ ಮಾಡಲಿಲ್ಲಮ್ಮ." ಆಮೇಲೆ ಕೂತುಕೊಂಡಳು, ಕೂತು ಐವತ್ತು ದಿನದಲ್ಲಿ ಮೊದಲ ಸಲ ಸದ್ದು ಮಾಡಿ ಅತ್ತಳು.

ಉಪದೇಶಕರು ಸೋತವರಂತೆ ಕಾಣಲಿಲ್ಲ. ಅವರು ಗ್ರಂಥ ಬಲ್ಲವರು, ಜನರನ್ನೂ ಬಲ್ಲವರು.

"ಒಂದು ಮಾತು ಕೇಳಲಾ ತಾಯಿ?" ಎಂದರು, ಅದೇ ಮೆದುದನಿಯಲ್ಲಿ. "ಹೋದ ವರ್ಷ ಹಾಲಿನಂಗಡಿಯವರ ಸೊಸೆ ಇದೇ ಜಾಗದಲ್ಲಿ ನಿಂತು ಇದೇ ವಾಕ್ಯ ಓದಿದಳು. ಅದಕ್ಕೂ ಹಿಂದಿನ ವರ್ಷ ಟೈಲರ ಹೆಂಡತಿ, ಎರಡು ಸಲ. ನೀವು ಮೂರನೇ ಸಾಲಿನಲ್ಲೇ ಇದ್ದಿರಿ. ವಾಕ್ಯ ಎಲ್ಲಿ ಮುಗಿಯುತ್ತೆ ಅಂತ ಆಗಲೂ ಗೊತ್ತಿತ್ತಲ್ಲವೇ? ಅವತ್ತು ಯಾಕೆ ಏಳಲಿಲ್ಲ?"

ಸಭೆಯ ತಲೆಗಳೆಲ್ಲ ಅಕ್ಕನ ಕಡೆ ತಿರುಗಿದವು. ಐದನೇ ಸಾಲಿನಲ್ಲಿ ಟೈಲರ ಹೆಂಡತಿಯೂ ತಲೆಯೆತ್ತಿ ನೋಡಿದಳು. ಅಕ್ಕ ಉಪದೇಶಕರ ಕಡೆ ತಿರುಗದೆ, ಟೈಲರ ಹೆಂಡತಿಯನ್ನೇ ನೋಡುತ್ತಾ ಹೇಳಿದಳು:

"ನಿಂತಿದ್ದು ನನ್ನ ಮಗಳಲ್ಲ, ಅದಕ್ಕೇ ಕಿವಿಗೊಡಲಿಲ್ಲ, ಏಳಲೂ ಇಲ್ಲ."